ಶಿರಸಿಯಲ್ಲಿ ಮನೆ ಎದುರಿನ ಹುಲ್ಲುಹಾಸನ್ನು ಅಗೆಯದೇ ತರಕಾರಿ ಬೆಳೆಯಬಹುದೇ?

ಧಾರಾಳವಾಗಿ ಬೆಳೆಯಬಹುದು. ಮಳೆ ಹೊಳವಾದ ಮೇಲೆ, ಅಕ್ಟೋಬರ್ ಹೊತ್ತಿಗೆ ಶುರು ಮಾಡಿ. ಆಷಾಢದ ಮಳೆಗೆ ಹೊಸ ಗೊಬ್ಬರ ಕೊಚ್ಚಿಹೋಗುತ್ತದೆ. ಹುಲ್ಲನ್ನು ನೆಲಮಟ್ಟಕ್ಕೆ ಸವರಿ, ಟೇಪು ಕಿತ್ತ ರಟ್ಟನ್ನು ಒಂದರ ಅಂಚಿನ ಮೇಲೆ ಇನ್ನೊಂದು ಅರ್ಧ ಅಡಿ ಬರುವಂತೆ ಹಾಸಿ ಚೆನ್ನಾಗಿ ನೆನೆಸಿ. ಮೇಲೆ ನಾಲ್ಕೈದು ಇಂಚು ಕಳಿತ ಕೊಟ್ಟಿಗೆ ಗೊಬ್ಬರ, ಅದರ ಮೇಲೆ ದರಕು, ಅಂದರೆ ಉದುರಿದ ಒಣ ಎಲೆ. (ದರಕು ಸುಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.) ಬೆಳಕಿಲ್ಲದೆ ಹುಲ್ಲು ಸತ್ತು ಅಲ್ಲೇ ಕೊಳೆಯುತ್ತದೆ, ಎರೆಹುಳ ಮಣ್ಣು ಸಡಿಲಿಸುತ್ತದೆ.

ಹರಿವೆ, ಬಸಳೆ ಕೂಡಲೇ ಹಾಕಿ; ಮೂಲಂಗಿಗೆ ರಟ್ಟು ಕರಗುವ ತನಕ ಕಾಯಿರಿ. ಗರಿಕೆ ಮಾತ್ರ ಸುಲಭಕ್ಕೆ ಸಾಯದು: ರಟ್ಟಿನ ಸಂದಿಯಲ್ಲಿ ಬಿಳಿಚಿದ ಚಿಗುರು ಇಣುಕಿದ ಕೂಡಲೇ ಬೇರುಸಮೇತ ಎಳೆದುಬಿಡಿ. ರಟ್ಟು ಒಣಗಲು ಬಿಡಬೇಡಿ, ಗೆದ್ದಲು ಹತ್ತುತ್ತದೆ.