ಹೃದಯದ ಪೊಟ್ಯಾಸಿಯಂ ಚಾನೆಲನ್ನು ಪುಟ್ಟ ಪ್ರೋಟೀನೊಂದು ಹೇಗೆ ನಿಯಂತ್ರಿಸುತ್ತದೆ?

ದಾದರಿನ ಬಿಎಸ್ಸಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ: ಕೆಸಿಎನ್‌ಕ್ಯೂ1 ಚಾನೆಲ್ (ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಅಯಾನುಗಳು ಹಾದುಹೋಗುವ ದಾರಿ) ಹೃದಯದಲ್ಲಿ ನಿಧಾನವಾಗಿ ತೆರೆಯುವುದು, ಕರುಳಿನಲ್ಲಿ ಸದಾ ತೆರೆದಿರುವುದೇಕೆ?

ವ್ಯತ್ಯಾಸ ಜೊತೆಗಾರ ಪ್ರೋಟೀನಿನದು. ಚಾನೆಲಿನ ನಾಲ್ಕು ಉಪಘಟಕ ಸೇರಿ ರಂಧ್ರವಾಗುತ್ತದೆ. ಜೊತೆಗಾರನಿಲ್ಲದಿದ್ದರೆ ಈ ಚಾನೆಲ್ ಬೇಗ ತೆರೆಯುತ್ತದೆ. ಹೃದಯದ ಜೊತೆಗಾರ, 129 ಅಮೈನೊ ಆಮ್ಲಗಳ ಕೆಸಿಎನ್‌ಇ1 ಅಂಟಿಕೊಂಡರೆ ಪೂರ್ತಿ ತೆರೆಯಲು ಸೆಕೆಂಡುಗಳೇ ಬೇಕು, ಆದರೆ ಹರಿಯುವ ಪ್ರವಾಹ ಹಲವು ಪಟ್ಟು. ಕರುಳಿನ ಕೆಸಿಎನ್‌ಇ3 ಅದನ್ನು ಮುಚ್ಚಗೊಡುವುದೇ ಇಲ್ಲ.

ಓಡುವಾಗ ಅಡ್ರಿನಲಿನ್ ಏರಿ, ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವ ಚಾನೆಲಿಗೆ ಫಾಸ್ಫೇಟ್ ಜೋಡಿಸುತ್ತದೆ. ಪ್ರವಾಹ ಹೆಚ್ಚಿ ಕ್ರಿಯಾವಿಭವ (ಪ್ರತಿ ಬಡಿತದಲ್ಲಿ ಹೃದಯಕೋಶದಲ್ಲಿ ಮೂಡುವ ವಿದ್ಯುತ್ ಸಂಕೇತ) ಮೊಟಕಾಗುತ್ತದೆ. ಕೈನೇಸನ್ನು ಚಾನೆಲಿನ ಪಕ್ಕದಲ್ಲೇ ಹಿಡಿದಿಡುವುದು ಯೋಟಿಯಾವೊ ಎಂಬ ಪ್ರೋಟೀನ್. ಈ ಕೊಂಡಿಗಳಲ್ಲೊಂದು ಕೆಟ್ಟರೆ ಕ್ಯೂಟಿ ಅವಧಿ (ಪ್ರತಿ ಬಡಿತದ ನಂತರ ಹೃದಯ ವಿದ್ಯುತ್ತಾಗಿ ಮರುಸಜ್ಜಾಗುವವರೆಗೆ ಇಸಿಜಿಯಲ್ಲಿ ಅಳೆಯುವ ಕಾಲ) ಉದ್ದವಾಗಿ, ಶ್ರಮದಲ್ಲಿ, ಅದರಲ್ಲೂ ಈಜುವಾಗ, ಲಯ ತಪ್ಪಬಹುದು. ಈಜುವಾಗ ಮೂರ್ಛೆ ಹೋದ ಮಗುವನ್ನು ಇಸಿಜಿ ಮಾಡಿಸಿ ಹೃದ್ರೋಗ ತಜ್ಞರಿಗೆ ತೋರಿಸದೆ ಮತ್ತೆ ಕೊಳಕ್ಕಿಳಿಸಬೇಡಿ.