ಲೀಗ್‌ನಲ್ಲಿ ಮೊದಲ ಸ್ಥಾನ ಗಳಿಸಿದ ತಂಡ ಕಾನ್ಫರೆನ್ಸ್ ಟೂರ್ನಿಯಲ್ಲಿ ಮತ್ತೆ ಏಕೆ ಆಡಬೇಕು?

ಇಡೀ ಋತು ಆಡಿ ಅಗ್ರಸ್ಥಾನ ಪಡೆದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡ ಮಾರ್ಚ್‌ನಲ್ಲಿ ತಳದ ತಂಡಗಳೊಂದಿಗೆ ಮತ್ತೆ ಸೆಣಸಬೇಕಾಗಿರುವುದು ಅನ್ಯಾಯವಲ್ಲವೇ, ಇದು ಬರೀ ಟಿಕೆಟ್ ಮಾರುವ ಉಪಾಯವಲ್ಲವೇ ಎಂದು ಕೇಳಿದ್ದೀರಿ. ಓದಲು ನಾರ್ತ್ ಕ್ಯಾರೊಲೈನಾಕ್ಕೆ ಹೊಸದಾಗಿ ಬಂದವರು ಎಂದೂ ಬರೆದಿದ್ದೀರಿ. ನಾನು ಇದೇ ರಾಜ್ಯದ ಕ್ಯಾರಿಯಲ್ಲಿ ನೆಲೆಸಿದವನು. ಕಾನ್ಫರೆನ್ಸ್ ಎಂದರೆ ತಮ್ಮೊಳಗೆ ಲೀಗ್ ಆಡುವ ಕಾಲೇಜುಗಳ ಕೂಟ. ನಮ್ಮ ಎಸಿಸಿ, ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನ ಟೂರ್ನಿ ನಮಗೆಲ್ಲ ಊರಹಬ್ಬದ ಹಾಗೆ. ಟಿಕೆಟ್ ಮತ್ತು ಟಿವಿಯ ಹಣದ ಲೆಕ್ಕಾಚಾರ ಇದ್ದೇ ಇದೆ. ಆದರೂ ಈ ಟೂರ್ನಿ ಇರಲೇಬೇಕು ಎನ್ನುವವರ ಸಾಲಿನಲ್ಲಿ ನಾನಿದ್ದೇನೆ.

ಮೊದಲು ನಿಯಮ. ಋತುವಿನ ಕೊನೆಯಲ್ಲಿ ಎನ್‌ಸಿಎಎ, ಅಂದರೆ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ, ನಡೆಸುವ ರಾಷ್ಟ್ರೀಯ ಟೂರ್ನಿಯಲ್ಲಿ 68 ತಂಡಗಳಿಗೆ ಜಾಗ. ಪ್ರತಿ ಕಾನ್ಫರೆನ್ಸ್‌ಗೂ ಒಂದು ನೇರ ಪ್ರವೇಶವಿದೆ, ಅದು ಸಾಮಾನ್ಯವಾಗಿ ಕಾನ್ಫರೆನ್ಸ್ ಟೂರ್ನಿ ಗೆದ್ದವರ ಪಾಲು. ಉಳಿದ ಜಾಗಗಳನ್ನು ಆಯ್ಕೆ ಸಮಿತಿ ತುಂಬುತ್ತದೆ. ಹಾಗಾಗಿ ದೊಡ್ಡ ಕಾನ್ಫರೆನ್ಸ್‌ನ ಅಗ್ರ ತಂಡ ಇಲ್ಲಿ ಸೋತರೂ ಸಮಿತಿ ಅದನ್ನು ಕೈಬಿಡುವುದಿಲ್ಲ. ಐಪಿಎಲ್‌ನಲ್ಲಿ ಐದನೇ ಸ್ಥಾನದವರು ಗಂಟುಮೂಟೆ ಕಟ್ಟುತ್ತಾರೆ, ಇಲ್ಲಿ ಹತ್ತನೆಯವರಿಗೂ ಬಾಗಿಲು ತೆರೆದಿರುತ್ತದೆ.

ಹಿಂದೆ ಹೀಗಿರಲಿಲ್ಲ. ಎಸಿಸಿ ಟೂರ್ನಿ ಆರಂಭವಾದದ್ದು 1954ರಲ್ಲಿ, ರಾಲಿಯಲ್ಲಿ. ಆಗ ಒಂದು ಕಾನ್ಫರೆನ್ಸ್‌ನಿಂದ ಒಂದೇ ತಂಡ ರಾಷ್ಟ್ರೀಯ ಟೂರ್ನಿಗೆ ಹೋಗಬಹುದಿತ್ತು, ಎಸಿಸಿ ತನ್ನ ಟೂರ್ನಿ ಗೆದ್ದವರನ್ನೇ ಕಳಿಸುತ್ತಿತ್ತು. ನಿಮ್ಮ ಆಕ್ಷೇಪಕ್ಕೆ ನಿಜವಾದ ಬಲವಿದ್ದದ್ದು ಆ ಕಾಲದಲ್ಲಿ. 1974ರಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ (ಚಿಕ್ಕದಾಗಿ ‘ಸ್ಟೇಟ್’) ಲೀಗ್‌ನ 12 ಪಂದ್ಯಗಳನ್ನೂ ಗೆದ್ದಿತ್ತು. ಹಾಗಿದ್ದರೂ ಗ್ರೀನ್ಸ್‌ಬರೊದಲ್ಲಿ ನಡೆದ ಫೈನಲ್‌ನಲ್ಲಿ ಸೋತಿದ್ದರೆ ಅವರ ಋತು ಅಲ್ಲಿಗೇ ಮುಗಿಯುತ್ತಿತ್ತು. ಎದುರಿಗಿದ್ದದ್ದು ಮೇರಿಲ್ಯಾಂಡ್, ದೇಶದ ಅತ್ಯುತ್ತಮ ಐದು ತಂಡಗಳಲ್ಲಿ ಒಂದು. ಸ್ಟೇಟ್‌ನ ಟಾಮ್ ಬರ್ಲ್‌ಸನ್ 38 ಅಂಕ ಗಳಿಸಿದರು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ, ಸ್ಟೇಟ್ 103-100ರಿಂದ ಗೆದ್ದಿತು. ಅಂಥ ಆಟ ಆಡಿದ ಮೇರಿಲ್ಯಾಂಡ್ ಮನೆಯಲ್ಲಿ ಕುಳಿತಿತು, ಸ್ಟೇಟ್ ಮುಂದೆ ಹೋಗಿ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ತಂಡದ ಸತತ ಏಳು ವರ್ಷಗಳ ಆಳ್ವಿಕೆ ಮುರಿದು ರಾಷ್ಟ್ರೀಯ ಚಾಂಪಿಯನ್ ಆಯಿತು. ಮರುವರ್ಷವೇ ಎನ್‌ಸಿಎಎ ತಂಡಗಳ ಸಂಖ್ಯೆಯನ್ನು 32ಕ್ಕೆ ಏರಿಸಿ, ಒಂದು ಕಾನ್ಫರೆನ್ಸ್‌ನಿಂದ ಒಂದಕ್ಕಿಂತ ಹೆಚ್ಚು ತಂಡಗಳಿಗೆ ಅವಕಾಶ ಕೊಟ್ಟಿತು. ಇಂದಿನ ಸಮಿತಿ ಆಯ್ಕೆಯ ಹಿಂದೆ ಮೇರಿಲ್ಯಾಂಡ್‌ನ ಆ ನೋವೂ ಇದೆ.

ಅಗ್ರ ತಂಡಗಳಿಗೆ ರಕ್ಷಣೆ ಸಿಕ್ಕ ಮೇಲೆ ಟೂರ್ನಿಯಲ್ಲಿ ಉಳಿದ ಸತ್ವವೇನು ಎಂದು ನೀವು ಕೇಳಬಹುದು. 2024ರ ಮಾರ್ಚ್ ನೋಡಿ. ಅದೇ ಸ್ಟೇಟ್ ತಂಡ ಲೀಗ್‌ನ ಕೊನೆಯ ನಾಲ್ಕು ಪಂದ್ಯ ಸೋತು, ಹತ್ತನೇ ಶ್ರೇಯಾಂಕದೊಂದಿಗೆ ವಾಷಿಂಗ್ಟನ್ ತಲುಪಿತ್ತು. ಮೊದಲ ನಾಲ್ಕು ಶ್ರೇಯಾಂಕದವರು ನೇರವಾಗಿ ಗುರುವಾರದ ಕ್ವಾರ್ಟರ್ ಫೈನಲ್‌ನಲ್ಲಿ ಆಡುತ್ತಾರೆ. ಇವರು ಮಂಗಳವಾರದಿಂದಲೇ ಆಡಬೇಕು, ಐದು ದಿನಗಳಲ್ಲಿ ಐದು ಗೆಲುವು ಬೇಕು. ಲೂಯಿವಿಲ್, ಸಿರಾಕ್ಯೂಸ್, ಡ್ಯೂಕ್ ಒಂದೊಂದಾಗಿ ಸೋತವು. ಸೆಮಿಫೈನಲ್‌ನಲ್ಲಿ ವರ್ಜೀನಿಯಾ ಮೂರು ಅಂಕ ಮುಂದಿತ್ತು, ಉಳಿದದ್ದು ಕೆಲವೇ ಸೆಕೆಂಡುಗಳು. ವರ್ಜೀನಿಯಾದ ಒಂದು ಫ್ರೀ ಥ್ರೋ, ಅಂದರೆ ಫೌಲ್‌ಗೆ ಸಿಗುವ ತಡೆಯಿಲ್ಲದ ಎಸೆತ, ಗುರಿ ತಪ್ಪಿತು. ಸ್ಟೇಟ್‌ನ ಮೈಕಲ್ ಓಕಾನೆಲ್ ಚೆಂಡು ಹಿಡಿದು ಓಡಿ, ಮೂರು ಅಂಕದ ಗೆರೆಯಾಚೆಯಿಂದ ಎಸೆದರು. ಚೆಂಡು ಹಲಗೆಗೆ ಬಡಿದು, ರಿಂಗಿನ ಮೇಲೆ ಕುಣಿದು, ಗಡಿಯಾರ ಸೊನ್ನೆಯಾದ ಮೇಲೆ ಒಳಗೆ ಬಿತ್ತು! ಹೆಚ್ಚುವರಿ ಅವಧಿಯಲ್ಲಿ ಸ್ಟೇಟ್ ಗೆದ್ದಿತು. ಮರುದಿನ ಲೀಗ್‌ನ ಅಗ್ರ ತಂಡ, ಪಕ್ಕದೂರಿನ ಬದ್ಧ ಎದುರಾಳಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯವನ್ನು 84-76ರಿಂದ ಮಣಿಸಿ, 1987ರ ನಂತರ ಮೊದಲ ಬಾರಿ ಎಸಿಸಿ ಕಿರೀಟ ತೊಟ್ಟಿತು. ಅಲ್ಲಿಗೂ ನಿಲ್ಲದೆ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ವರೆಗೆ ನಡೆಯಿತು. ಟೂರ್ನಿ ಗೆಲ್ಲದಿದ್ದರೆ ಆ ತಂಡವನ್ನು ಯಾವ ಸಮಿತಿಯೂ ಆರಿಸುತ್ತಿರಲಿಲ್ಲ. ಲೀಗ್ ಪಟ್ಟಿ ಸುಳ್ಳು ಹೇಳುತ್ತದೆ ಎಂದಲ್ಲ. ಆದರೆ ಇಪ್ಪತ್ತರ ಹರೆಯದ ಹುಡುಗರ ತಂಡ ಮಾರ್ಚ್ ಹೊತ್ತಿಗೆ ಬೇರೆಯೇ ತಂಡವಾಗಿರಬಹುದು, ಅದನ್ನು ಜನವರಿಯ ಸೋಲುಗಳು ಹೇಳಲಾರವು.

ಈ ಬಾಗಿಲೂ ಈಗ ಕಿರಿದಾಗುತ್ತಿದೆ ಎಂಬುದು ನನ್ನ ಬೇಸರ. ಎಸಿಸಿ 18 ತಂಡಗಳಿಗೆ ಬೆಳೆದ ಮೇಲೆ, 2025ರ ಟೂರ್ನಿಗೆ 15 ತಂಡಗಳನ್ನು ಮಾತ್ರ ಕರೆಯಿತು. ಹೊರಗುಳಿದವರಲ್ಲಿ ಹಿಂದಿನ ವರ್ಷದ ಚಾಂಪಿಯನ್ ಸ್ಟೇಟ್ ಕೂಡ ಒಂದು. ಹದಿನೆಂಟನ್ನೂ ಆಡಿಸಬೇಕಿತ್ತು.

ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದು ಸಣ್ಣ ಕಾನ್ಫರೆನ್ಸ್‌ಗಳ ವಿಷಯದಲ್ಲಿ. ಅಲ್ಲಿಂದ ಎರಡನೇ ತಂಡವನ್ನು ಸಮಿತಿ ಆರಿಸುವುದು ಅಪರೂಪ. ಲೀಗ್‌ನಲ್ಲಿ ಮೆರೆದ ತಂಡ ಒಂದು ಸಂಜೆ ಎಡವಿದರೆ ಎಲ್ಲವೂ ಮುಗಿಯಿತು. 2018ರಲ್ಲಿ ಅಮೆರಿಕ ಈಸ್ಟ್ ಕಾನ್ಫರೆನ್ಸ್‌ನ ಅಗ್ರ ತಂಡ ವರ್ಮಾಂಟ್‌ಗೆ ಹೀಗಾಯಿತು. ಫೈನಲ್ ಅವರದೇ ಅಂಗಳದಲ್ಲಿ, ಎದುರಾಳಿ ಬಾಲ್ಟಿಮೋರ್‌ನ ಯುಎಂಬಿಸಿ ವಿಶ್ವವಿದ್ಯಾಲಯ, ಅವರ ಕೈಯಲ್ಲಿ ಸತತ 23 ಬಾರಿ ಸೋತ ತಂಡ. ಒಂದು ಸೆಕೆಂಡೂ ಉಳಿಯದ ಹೊತ್ತಿಗೆ ಯುಎಂಬಿಸಿಯ ಜೈರಸ್ ಲೈಲ್ಸ್ ದೂರದಿಂದ ಎಸೆದ ಚೆಂಡು ಒಳಗೆ ಬಿದ್ದು ಆ ತಂಡ 65-62ರಿಂದ ಗೆದ್ದಿತು. ವರ್ಮಾಂಟ್ ಹುಡುಗರಿಗೆ ಆದದ್ದು ಅನ್ಯಾಯವೇ, ಅದಕ್ಕೆ ನನ್ನ ಬಳಿ ಸಮಾಧಾನವಿಲ್ಲ. ಆದರೆ ಆರು ದಿನಗಳ ನಂತರ ಇದೇ ಯುಎಂಬಿಸಿ ದೇಶದ ಮೊದಲ ಶ್ರೇಯಾಂಕದ ವರ್ಜೀನಿಯಾವನ್ನು 74-54ರಿಂದ ಸೋಲಿಸಿತು. ಪುರುಷರ ರಾಷ್ಟ್ರೀಯ ಟೂರ್ನಿಯಲ್ಲಿ ಕಟ್ಟಕಡೆಯದಾದ 16ನೇ ಶ್ರೇಯಾಂಕದ ತಂಡವೊಂದು ಒಂದನೇ ಶ್ರೇಯಾಂಕವನ್ನು ಉರುಳಿಸಿದ್ದು ಅದೇ ಮೊದಲು.

ಈ ರಾಜ್ಯದಲ್ಲಿ ಹುಟ್ಟಿ ಬೆಳೆದ ಯಾರನ್ನಾದರೂ ಕೇಳಿ ನೋಡಿ. ಎಸಿಸಿ ಟೂರ್ನಿಯ ಶುಕ್ರವಾರ ಶಾಲೆಯಲ್ಲಿ ಮೇಷ್ಟ್ರೇ ಚಕ್ರದ ಸ್ಟ್ಯಾಂಡಿನ ಮೇಲೆ ಟಿವಿ ತಳ್ಳಿಕೊಂಡು ತರಗತಿಗೆ ತರುತ್ತಿದ್ದುದನ್ನು ಹೇಳುತ್ತಾರೆ. ಮಧ್ಯಾಹ್ನದ ಪಾಠ ಅಲ್ಲಿಗೆ ಮುಗಿಯಿತು.

ನೀವು ಒಂದೇ ದಿನ ಹೋಗುವುದಾದರೆ ಫೈನಲ್‌ಗೆ ಕಾಯಬೇಡಿ, ಗುರುವಾರದ ಟಿಕೆಟ್ ಕೊಳ್ಳಿ. ಅಂದು ನಾಲ್ಕು ಕ್ವಾರ್ಟರ್ ಫೈನಲ್‌ಗಳಿರುತ್ತವೆ. ಎರಡು ದಿನ ವಿಶ್ರಾಂತಿ ಪಡೆದ ದೊಡ್ಡ ತಂಡಗಳ ಎದುರು, ಆಗಲೇ ಒಂದೆರಡು ಪಂದ್ಯ ಗೆದ್ದು ದಣಿದ ತಂಡಗಳು ಅಂಗಳಕ್ಕಿಳಿಯುತ್ತವೆ. ಸೋಮವಾರ ಮತ್ತು ಮಂಗಳವಾರ ರಾತ್ರಿ ಟಿವಿಯಲ್ಲಿ ಸಣ್ಣ ಕಾನ್ಫರೆನ್ಸ್‌ಗಳ ಫೈನಲ್‌ಗಳು ಬರುತ್ತವೆ, ಅವನ್ನೂ ಬಿಡಬೇಡಿ.