ಮಧ್ಯಾಹ್ನದ ರಾಶಿಮೋಡಗಳು ಎಷ್ಟು ಬಿಸಿಲು ಹೀರುತ್ತವೆಂದು ಒಂದೇ ವಿಮಾನದಿಂದ ಅಳೆಯಲು ಯಾವ ಪೈರಾನೋಮೀಟರ್ (ಬಿಸಿಲಿನ ಪ್ರಮಾಣ ಅಳೆಯುವ ಉಪಕರಣ) ಕೊಳ್ಳಬೇಕು?

ಇದೇ ಪ್ರಶ್ನೆ ಹಿಡಿದು ನಾನೂ ಬೆಂಗಳೂರಿನಲ್ಲಿ ಆರು ತಿಂಗಳು ಕೊಟೇಶನ್ ತರಿಸುತ್ತಾ ಕುಳಿತಿದ್ದೆ. ಕೊನೆಗೆ ಕೊಂಡ ಉಪಕರಣದಲ್ಲಿ ಯಾವ ದೋಷವೂ ಇರಲಿಲ್ಲ; ಕೆಟ್ಟದ್ದು ನನ್ನ ಲೆಕ್ಕ.

ವಿಮಾನದ ಬೆನ್ನಿಗೊಂದು, ಹೊಟ್ಟೆಗೊಂದು ಪೈರಾನೋಮೀಟರ್ ಜೋಡಿಸಿದ್ದೆವು. ಇಳಿಯುವ ಬೆಳಕಿನಲ್ಲಿ ಏರುವ ಬೆಳಕನ್ನು ಕಳೆದರೆ ನಿವ್ವಳ ಸಿಗುತ್ತದೆ. ಮೋಡದ ಮೇಲಿನ ನಿವ್ವಳದಲ್ಲಿ ಕೆಳಗಿನ ನಿವ್ವಳವನ್ನು ಕಳೆದರೆ ಮೋಡ ಹೀರಿದ ಪಾಲು. ಹ್ಯಾಂಗರಿನಲ್ಲಿ ರಸಮಟ್ಟವಿಟ್ಟು, ಗುಳ್ಳೆ ನಟ್ಟನಡುವೆ ನಿಲ್ಲುವವರೆಗೆ ಸ್ಕ್ರೂ ತಿರುಗಿಸಿದವನು ನಾನೇ. ನೆಲದಲ್ಲಿ ನಿಂತ ವಿಮಾನದ ಭಂಗಿಯೇ ಆಕಾಶದಲ್ಲೂ ಇರುತ್ತದೆಂದು ನಂಬಿದ್ದು ನನ್ನ ತಪ್ಪು.

ಜುಲೈನ ಒಂದು ಬೆಳಿಗ್ಗೆ, ಸೂರ್ಯ ಪೂರ್ವದಲ್ಲಿ ಸುಮಾರು 30 ಡಿಗ್ರಿ ಎತ್ತರದಲ್ಲಿದ್ದಾಗ, ಪದರಮೋಡದ ಮೇಲೆ ಪಶ್ಚಿಮಕ್ಕೆ ಹಾರಿದೆವು. ಆ ವೇಗದಲ್ಲಿ ನಮ್ಮ ವಿಮಾನ ಮೂತಿಯನ್ನು 2 ಡಿಗ್ರಿ ಎತ್ತಿಕೊಂಡೇ ಸಾಗುತ್ತಿತ್ತು. ಮೂತಿ ಎದ್ದರೆ ಬೆನ್ನ ಮೇಲಿನ ಉಪಕರಣ ಬಾಲದ ಕಡೆಗೆ, ಅಂದರೆ ಆ ಹೊತ್ತಿಗೆ ಸೂರ್ಯನ ಕಡೆಗೆ, ವಾಲುತ್ತದೆ. ನೇರ ಬಿಸಿಲು ಚದರ ಮೀಟರಿಗೆ 1000 ವ್ಯಾಟ್ ಎಂದಿಟ್ಟುಕೊಳ್ಳಿ. ಮಟ್ಟಸವಾಗಿದ್ದ ಉಪಕರಣ 500 ತೋರಿಸಬೇಕಾದ ಕಡೆ, ವಾಲಿದ ಉಪಕರಣ 530 ತೋರಿಸುತ್ತದೆ. ಮೋಡದ ಕೆಳಗೆ ಬೆಳಕು ಚದುರಿ ಎಲ್ಲ ದಿಕ್ಕಿನಿಂದಲೂ ಬರುವುದರಿಂದ ಅದೇ ವಾಲುವಿಕೆಗೆ ಅಲ್ಲಿ ಹೆಚ್ಚು ಬೆಲೆಯಿಲ್ಲ. ಹೀಗಾಗಿ ಮೇಲಿನ 30 ವ್ಯಾಟ್ ಕಳೆಯುವಾಗ ಹೊಡೆದುಹೋಗದೆ, ಇಡಿಯಾಗಿ ಮೋಡದ ಖಾತೆಗೆ ಜಮೆಯಾಯಿತು. ಮೋಡ ಹೀರುವುದು 40 ವ್ಯಾಟ್ ಎಂದು ಸಿದ್ಧಾಂತದ ಲೆಕ್ಕ ಹೇಳಿತ್ತು, ನಮಗೆ 70 ಬಂತು.

ನಾನು ಹಿಗ್ಗಿದೆ. ಮೋಡಗಳು ಸಿದ್ಧಾಂತ ಹೇಳುವುದಕ್ಕಿಂತ ಹೆಚ್ಚು ಬಿಸಿಲು ಹೀರುತ್ತವೆ ಎಂಬ ವಾದ 1995ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತ್ತು. ವಾದಿಸಿದವರಲ್ಲಿ ಒಬ್ಬರು ನಮ್ಮ ಐಐಎಸ್‌ಸಿಯಲ್ಲಿ ಓದಿದ ಹವಾಮಾನ ವಿಜ್ಞಾನಿ ವಿ. ರಾಮನಾಥನ್. ನನಗೂ ಅದೇ ಸಿಕ್ಕಿತೆಂದುಕೊಂಡೆ. ಅದೇ ದಿನ ಪೂರ್ವಕ್ಕೆ ಮರಳಿದ ಹಾರಾಟ 10ರ ಆಸುಪಾಸಿನ ಉತ್ತರ ಕೊಟ್ಟಿತ್ತು. ಅದನ್ನು ಕೆಟ್ಟ ದತ್ತಾಂಶವೆಂದು ಬದಿಗಿಟ್ಟಿದ್ದೆ! ಎರಡು ತಿಂಗಳ ನಂತರ ಪೈಲಟ್ ಮಾತಿನ ನಡುವೆ ಮೂತಿಯ ವಿಷಯ ತೆಗೆದಾಗಲೇ ಹೊಳೆದದ್ದು: ಮೋಡ ಬದಲಾಗಿರಲಿಲ್ಲ, ಹಾರಿದ ದಿಕ್ಕು ಬದಲಾಗಿತ್ತು.

ಆದ್ದರಿಂದ ಯಾವ ಪೈರಾನೋಮೀಟರ್ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಾಧಾರಣದ್ದು ಸಾಕು, ಉಳಿದ ಹಣವನ್ನು ವಿಮಾನದ ವಾಲುವಿಕೆಯನ್ನು ಕ್ಷಣಕ್ಷಣಕ್ಕೂ ದಾಖಲಿಸುವ ಜಿಪಿಎಸ್ ಮತ್ತು ಗೈರೋ ಘಟಕಕ್ಕೆ ಹಾಕಿ, ಒಂದೇ ಮೋಡದ ಮೇಲೆ ನಾಲ್ಕೂ ದಿಕ್ಕಿಗೆ ಹಾರಿ. ರಾಶಿಮೋಡವನ್ನಂತೂ ಮುಟ್ಟಬೇಡಿ: ಅದರ ಪಕ್ಕಗಳಿಂದ ಸೋರಿದ ಬೆಳಕನ್ನೂ ನಿಮ್ಮ ಲೆಕ್ಕ ಹೀರಿದ್ದೆಂದೇ ತೋರಿಸುತ್ತದೆ, ಮೇಲಿನಿಂದ ಕೆಳಗಿಳಿಯುವಷ್ಟರಲ್ಲಿ ಮೋಡವೇ ಬೇರೆಯಾಗಿರುತ್ತದೆ. ರಾಮನಾಥನ್ ತಂಡ 2006ರಲ್ಲಿ ಮಾಲ್ಡೀವ್ಸ್‌ನಲ್ಲಿ ಮೂರು ಮಾನವರಹಿತ ವಿಮಾನಗಳನ್ನು ಒಂದರ ಮೇಲೊಂದರಂತೆ ಒಟ್ಟಿಗೇ ಹಾರಿಸಿದ್ದು ಸುಮ್ಮನೆ ಅಲ್ಲ. ಒಂದೇ ವಿಮಾನ ಇರುವ ನೀವು ಮಳೆಗಾಲದ ಪದರಮೋಡವನ್ನೇ ಆರಿಸಿ, ಗೋಚರ ಬೆಳಕಿಗೊಂದು, 1.6 ಮೈಕ್ರೋಮೀಟರ್ ತರಂಗಾಂತರದ ಅತಿಗೆಂಪು ಬೆಳಕಿಗೊಂದು ಸಂವೇದಕ ಸೇರಿಸಿ. ನೀರಿನ ಹನಿ ಗೋಚರ ಬೆಳಕನ್ನು ಹೀರುವುದು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲೂ ಹೀರಿಕೆ ಕಂಡರೆ ಮೊದಲು ಸೋರಿಕೆಯನ್ನೋ ವಾಲುವಿಕೆಯನ್ನೋ ಹುಡುಕಿ.